ಸೌಮು ಕೇಳಿದ ನೀರು

ನ್ಯಾಲೆ ದ್ವೀಪ
೧೨ ಫೆಬ್ರವರಿ ೧೯೯೨

ಪ್ರೀತಿಯ ರಿಜಿಕಿ ಅಕ್ಕನಿಗೆ ಸಲಾಂ.

ಬಂದು ಮುಟ್ಟಿದ್ದೇನೆ. ಪೆಂಬಾ ದ್ವೀಪದ ದಂಡೆಯಿಂದ ಮೂರು ಗಂಟೆಯ ದಾರಿ ಎಂದಿದ್ದರು, ಐದೂವರೆ ಗಂಟೆ ಹಿಡಿಯಿತು. ನಡುನೀರಿನಲ್ಲಿ ಗಾಳಿ ಸತ್ತುಹೋಯಿತು. ದೋಣಿ ನಡೆಸುವ ಖಾತಿಬು ಹಾಯಿ ಇಳಿಸಿ ಎಲ್ಲರ ಕೈಗೂ ಹುಟ್ಟು ಕೊಟ್ಟ. ನನಗೂ ಕೊಟ್ಟ. "ಡಾಕ್ಟರಮ್ಮಾ, ನೀವೂ ಒಂದು ಕೈ ಹಾಕಿ. ಇಲ್ಲಾಂದ್ರೆ ನಾವು ಹೋಗೋ ಹೊತ್ತಿಗೆ ನಿಮ್ಮ ರೋಗಿಗಳೆಲ್ಲ ತಾವಾಗೇ ವಾಸಿಯಾಗಿಬಿಟ್ಟಿರ್ತಾರೆ" ಎಂದ. ಎಲ್ಲರೂ ನಕ್ಕರು. ಅಂಗೈಯಲ್ಲಿ ಎರಡು ಬೊಬ್ಬೆ ಎದ್ದಿವೆ.

ನೀನು ದಂಡೆಗೆ ಬರಲಿಲ್ಲ. ಫಾಕಿ ಭಾವ ಮಗಳು ಸೌಮುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. "ಅವಳಿಗೆ ಮನೇಲಿ ಕೆಲಸ ಇತ್ತು" ಎಂದರು. ಪಾಪ, ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ.

ಅಮ್ಮ ಸತ್ತಾಗ ನನಗೆ ಆರು ವರ್ಷ, ನಿನಗೆ ಹದಿನಾಲ್ಕು. ಅಂದಿನಿಂದ ನಿನ್ನ ಮಾತು ಮೀರಿದ್ದು ಇದೊಂದೇ ಸಲ. ರೊಟ್ಟಿ ಅಂಗಡಿಯ ಬಕಾರಿ ಒಳ್ಳೆಯವನೇ ಇರಬಹುದು. ಆದರೆ ಅವನ ಹೆಸರು ಹೇಳಿದಾಗಲೆಲ್ಲ ನನಗೆ ಹಿಟ್ಟಿನ ಚೀಲ ಕಣ್ಣ ಮುಂದೆ ಬರುತ್ತದೆ, ನಾನೇನು ಮಾಡಲಿ? ಎರಡು ವರ್ಷ ಸ್ವಯಂಸೇವಕಿಯಾಗಿ ಇಲ್ಲಿರುತ್ತೇನೆ, ಆಮೇಲೆ ನೀನು ಹೇಳಿದವನನ್ನು ಮದುವೆಯಾಗುತ್ತೇನೆ. ಹಿಟ್ಟಿನ ಚೀಲವೊಂದನ್ನು ಬಿಟ್ಟು.

ಇಲ್ಲಿ ಆಸ್ಪತ್ರೆಯಿಲ್ಲ. ಹದಿನೈದು ದಿನಕ್ಕೊಮ್ಮೆ ಪಟ್ಟಣದಿಂದ ನರ್ಸ್ ರುಕಿಯಾ ಬರುತ್ತಾರೆ. ಉಳಿದ ದಿನ ನಾನೇ, ಹನ್ನೊಂದು ದಿನದ ತರಬೇತಿ ಪಡೆದ ದೊಡ್ಡ ಮನುಷ್ಯಳು. ಇಡೀ ದ್ವೀಪಕ್ಕೆ ನಾಲ್ಕು ಪಾಯಿಖಾನೆ. ಮಿಕ್ಕವರಿಗೆ ಕಡಲ ದಂಡೆ. ಗುಂಡಿ ತೋಡಿಸಬೇಕು ಎಂದು ಊರ ಮುಖಂಡರ ಬಳಿ ಹೋದೆ. "ಮಗಳೇ, ನಮ್ಮಜ್ಜ ಕಡಲಿಗೆ ಹೋಗ್ತಿದ್ದ, ನಮ್ಮಪ್ಪ ಕಡಲಿಗೆ ಹೋಗ್ತಿದ್ದ. ಇವತ್ತಿನವರೆಗೂ ಒಂದು ಮೀನಾದ್ರೂ ಬಂದು ದೂರು ಕೊಟ್ಟಿದೆಯಾ?" ಎಂದರು. ಯಾವ ಗುಂಡಿ ಎಷ್ಟು ಆಳ, ಕೆಳಬಾವಿಯ ನೀರಿಗೆ ಏನೇನು ಸೇರುತ್ತಿದೆ ಎಲ್ಲವನ್ನೂ ಬರೆದು ಈ ಕಾಗದದ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ, ಓದು.

ಚುಮು ಅಜ್ಜಿ ಎಂಬ ಮುದುಕಿಯ ಮನೆಯಲ್ಲಿ ಇದ್ದೇನೆ. ಸೌಮುವಿಗೆ ಏಳು ಕವಡೆ ಕಳಿಸಿದ್ದೇನೆ, ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೋ.

ಸಿಟ್ಟು ಬಿಡು. ಬರೆ.

ನಿನ್ನ ತಂಗಿ,
ತಿಮೆ


ಕಿಂಜಾನಿ
೪ ಮಾರ್ಚ್ ೧೯೯೨

ತಿಮೆ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ಬರೆಯಬಾರದು ಎಂದೇ ಇದ್ದೆ. ಸೌಮು ಬಿಡಲಿಲ್ಲ. ದಿನಾ ಕವಡೆ ಸಾಲಾಗಿ ಇಟ್ಟು, "ಇದು ಚಿಕ್ಕಿ, ಇದು ಚಿಕ್ಕಿ ದೋಣಿ, ಇದು ಚಿಕ್ಕಿ ಮೀನು" ಎಂದು ಎಣಿಸುತ್ತಾಳೆ. ಏಳೂ ನೀನೇ. ನಾನು ಒಂದೂ ಇಲ್ಲ.

ದಂಡೆಗೆ ಬರಲಿಲ್ಲ, ಹೌದು. ಬಂದಿದ್ದರೆ ಜಡೆ ಹಿಡಿದು ಮನೆಗೆ ಎಳೆದುಕೊಂಡು ಬರುತ್ತಿದ್ದೆ. ಅಷ್ಟು ಜನರ ಮುಂದೆ ಅದು ಬೇಡವೆನಿಸಿತು.

ಬಕಾರಿಗೆ ಬೇರೆ ಕಡೆ ಗೊತ್ತಾಯಿತು. ಹುಡುಗಿ ನಿನಗಿಂತ ಚೆನ್ನಾಗಿದ್ದಾಳೆ, ಹಿಟ್ಟಿನ ಚೀಲದ ಮೇಲೆ ದೂರೂ ಇಲ್ಲವಂತೆ.

ಇನ್ನೊಂದು ಮಾತು. ನಿನ್ನ ಕಾಗದ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದೆವು. "ತಂಗಿ ಏನು ಬರೆದಿದ್ದಾಳೆ, ಗಟ್ಟಿಯಾಗಿ ಓದು" ಎಂದರು ಅತ್ತೆ. ನಾನೂ ಬುದ್ಧಿಯಿಲ್ಲದವಳು, ಆ ಇನ್ನೊಂದು ಹಾಳೆಯನ್ನೂ ಓದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅತ್ತೆ ತಟ್ಟೆ ದೂಡಿ ಎದ್ದರು. "ನನ್ನ ಮನೇಲಿ ಅನ್ನದ ಮುಂದೆ ಇಂಥ ಮಾತಾ!" ಎಂದು ಎರಡು ದಿನ ಗೊಣಗಿದರು. ಇನ್ನು ಮುಂದೆ ನಿನ್ನ ಪಾಯಿಖಾನೆ, ವಾಂತಿ, ಭೇದಿಗಳ ವಿಷಯ ನನಗೆ ಬರೆಯಬೇಡ. ಅದನ್ನು ನಿನ್ನ ನರ್ಸಮ್ಮನಿಗೆ ಹೇಳಿಕೋ. ನನಗೆ ಬೇಕಾದ್ದು ನೀನು ಉಂಡೆಯಾ, ನಿನ್ನ ಕೆಮ್ಮು ನಿಂತಿತಾ, ಆ ಮುದುಕಿ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳಾ ಎಂಬುದು. ಅಷ್ಟು ಬರೆದರೆ ಸಾಕು.

ನಾಳೆಯಿಂದ ಉಪವಾಸ. ಹಬ್ಬಕ್ಕೆ ಬಾ. ಸೌಮುವಿಗೆ ಹಳದಿ ಅಂಗಿ ಹೊಲಿಯುತ್ತಿದ್ದೇನೆ.

ಅಕ್ಕ


ನ್ಯಾಲೆ
೨೬ ಮಾರ್ಚ್ ೧೯೯೨

ಪ್ರೀತಿಯ ಅಕ್ಕನಿಗೆ ಸಲಾಂ.

ಉಂಡೆ. ಕೆಮ್ಮು ನಿಂತಿತು. ಮುದುಕಿ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಸಾಕೇ?

ಚುಮು ಅಜ್ಜಿಗೆ ಹಲ್ಲಿಲ್ಲ. ಉಪವಾಸ ಮುರಿಯುವ ಹೊತ್ತಿಗೆ ನನ್ನ ಪಾಲಿನ ಮರಗೆಣಸನ್ನು ಜಜ್ಜಿ ತೆಂಗಿನ ಹಾಲಿನಲ್ಲಿ ಕಲೆಸಿ ಕೊಡುತ್ತಾಳೆ. ನನಗೂ ಹಲ್ಲಿಲ್ಲ ಎಂದುಕೊಂಡಿದ್ದಾಳೆ. "ನಂಗೆ ಹಲ್ಲಿದೆ ಅಜ್ಜೀ" ಎಂದು ತೋರಿಸಿದೆ. "ಇರ್ಲಿ ಬಿಡು, ಮದುವೆಗೆ ಉಳಿಸ್ಕೋ" ಎಂದಳು. ನಿನ್ನ ಪಕ್ಷದವಳೇ.

ಹೋದ ವಾರದಿಂದ ಕೆಲಸ ತುಂಬ. ಕೆಳಬಾವಿಯ ಸುತ್ತಲಿನ ಎಂಟು ಮನೆಗಳಲ್ಲಿ ಜನ ಮಲಗಿದ್ದಾರೆ. ಏನು ಕಾಯಿಲೆ ಎಂದು ಬರೆಯುವುದಿಲ್ಲ, ನಿನ್ನ ಅತ್ತೆ ಊಟಕ್ಕೆ ಕೂತಿರುತ್ತಾರೆ. ಇಬ್ಬರು ತೀರಿಕೊಂಡರು. ಅಕ್ಕ, ನಾನು ಇದುವರೆಗೆ ಯಾರೂ ಸಾಯುವುದನ್ನು ಕಣ್ಣಾರೆ ನೋಡಿರಲಿಲ್ಲ. ಅಮ್ಮನ ಹೊತ್ತಿಗೆ ನೀನು ನನ್ನನ್ನು ಪಕ್ಕದ ಮನೆಗೆ ಕಳಿಸಿಬಿಟ್ಟಿದ್ದೆಯಲ್ಲ.

ಹಬ್ಬಕ್ಕೆ ಬರಲಾಗುತ್ತದೋ ಇಲ್ಲವೋ. ಹಳದಿ ಅಂಗಿ ತೊಟ್ಟ ಸೌಮುವನ್ನು ನನ್ನ ಪರವಾಗಿ ಮುದ್ದಾಡು. ಖಾತಿಬು ಕಾಯುತ್ತಿದ್ದಾನೆ, ನಿಲ್ಲಿಸುತ್ತೇನೆ.

ನಿನ್ನ ತಂಗಿ,
ತಿಮೆ


ನ್ಯಾಲೆ
೧೩ ಏಪ್ರಿಲ್ ೧೯೯೨

ಪ್ರೀತಿಯ ಅಕ್ಕನಿಗೆ ಸಲಾಂ.

ಹಬ್ಬಕ್ಕೆ ಬರಲಿಲ್ಲವೆಂದು ಬೈದುಕೊಂಡಿರುತ್ತೀ. ಈ ಕಾಗದ ಓದಿದ ಮೇಲೆ ಬೈಯಲಾರೆ.

ಇಲ್ಲಿ ಬಂದಿರುವುದು ಕಾಲರಾ. ನೀನು ಬೇಡವೆಂದದ್ದನ್ನೇ ಬರೆಯುತ್ತೇನೆ, ಅತ್ತೆಯ ಮುಂದೆ ಓದಬೇಡ. ಮೊದಲ ಮೂರು ದಿನದಲ್ಲಿ ಇಬ್ಬರು ಹೋದರು. ನರ್ಸ್ ರುಕಿಯಾ ತಂದಿದ್ದ, ನೀರಿಗೆ ಕಲೆಸಿ ಕುಡಿಸುವ ಪುಡಿಯ ಪೊಟ್ಟಣಗಳು ನಾಲ್ಕನೇ ದಿನಕ್ಕೆ ಮುಗಿದವು. ಮಳೆ, ಗಾಳಿ, ದೋಣಿಯಿಲ್ಲ. ಮದರಸಾದ ಚಾಪೆಗಳ ಮೇಲೆ ಸಾಲಾಗಿ ಮಲಗಿಸಿಕೊಂಡು, ಮನೆಮನೆಯಿಂದ ಸಕ್ಕರೆ ಉಪ್ಪು ಬೇಡಿ ತಂದು, ನಾವೇ ಕಲೆಸಿ ಕುಡಿಸಲು ಶುರುಮಾಡಿದೆವು. ಆಮೇಲೆ ಮೂವತ್ತೆಂಟು ಜನ ಮಲಗಿದರು. ಮೂವತ್ತೆಂಟೂ ಜನ ಎದ್ದರು! ಒಬ್ಬರೂ ಸಾಯಲಿಲ್ಲ, ಅಕ್ಕ. ನಿನ್ನ ಹಟಮಾರಿ ತಂಗಿಯ ಕೈಯಲ್ಲಿ.

ಒಂದು ಕೂಸಿನ ಕಥೆ ಹೇಳುತ್ತೇನೆ. ಮ್ಬಾರೂಕು ಎಂದು ಹೆಸರು, ಹಲ್ಲು ಈಗ ಬರುತ್ತಿದೆ. ಕಣ್ಣು ಗುಳಿಬಿದ್ದು, ಹೊಟ್ಟೆಯ ಚರ್ಮ ಹಿಡಿದೆತ್ತಿದರೆ ಹಾಗೇ ನಿಲ್ಲುತ್ತಿತ್ತು. ನಾನು ಚಮಚ ಹಿಡಿದು ಹೋದರೆ ಅದರ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ನೀರು ಕೊಟ್ರೆ ನೀರಾಗೇ ಹೋಗುತ್ತೆ ಕಣೇ! ಬಾಯಿ ಒಣಗಿಸಿದ್ರೆ ಹೊಟ್ಟೆ ತಾನೇ ನಿಲ್ಲುತ್ತೆ. ಏಳು ಮಕ್ಕಳನ್ನ ಹೆತ್ತೋಳು ನಾನು, ನೀನು ಎಷ್ಟು ಹೆತ್ತಿದ್ದೀ?"

"ಒಂದೂ ಇಲ್ಲ ಅಜ್ಜೀ. ಹೋದ್ರೆ ಹೋಗ್ಲಿ. ಹೋದಷ್ಟೂ ಕೊಡ್ತೀನಿ. ಹೋಗೋದು ನನ್ನ ಕೈಲಿಲ್ಲ, ಕೊಡೋದು ನನ್ನ ಕೈಲಿದೆ."

"ಸತ್ರೆ?"

"ಸತ್ರೆ ನನ್ನನ್ನ ಕಡಲಿಗೆ ಎಸೀರಿ."

ಬೆಳಿಗ್ಗೆಯಿಂದ ಒಂದೊಂದೇ ಚಮಚ ಕುಡಿಸಿದೆ. ಕಕ್ಕಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಮಧ್ಯಾಹ್ನದ ನಮಾಜಿನ ಕರೆ ಕೇಳುವಾಗ ಕೂಸು ನನ್ನ ತೊಡೆಯ ಮೇಲೆ ಉಚ್ಚೆ ಹೊಯ್ದಿತು. ಒಣಗಿದ ಮೈಗೆ ನೀರು ಹತ್ತಿತ್ತು. ಅಜ್ಜಿ ನೆಲದ ಮೇಲೆ ಕೂತು ಅತ್ತಳು, ನಾನೂ ಅತ್ತೆ. ಯಾರದೋ ಕೂಸು ಮೈಮೇಲೆ ಉಚ್ಚೆ ಹೊಯ್ದದ್ದಕ್ಕೆ ಇಬ್ಬರು ಹೆಂಗಸರು ಸಂತೋಷದಿಂದ ಅತ್ತಿದ್ದನ್ನು ನೀನು ಎಲ್ಲಾದರೂ ಕೇಳಿದ್ದೀಯಾ?

ಈಗ ಒಂದು ವಿಷಯ. ಗಮನವಿಟ್ಟು ಓದು. ರೋಗ ನಿಮ್ಮ ಕಡೆಗೂ ಬರಬಹುದು ಎನ್ನುತ್ತಾರೆ ರುಕಿಯಾ. ಯಾರಿಗಾದರೂ ಭೇದಿ ಶುರುವಾದರೆ ನೀರು ನಿಲ್ಲಿಸಬಾರದು. ಯಾರು ಏನೇ ಹೇಳಲಿ, ನಿಲ್ಲಿಸಬಾರದು. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚದ ಮೇಲೆ ರಾಶಿ ಏಳದಂತೆ ಸಮ ಮಾಡಿ. ಹೋದಷ್ಟೂ ಕುಡಿಸುತ್ತಲೇ, ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮೊದಲೇ ಬರೆಯಬೇಕಿತ್ತು, ಸುಮ್ಮನೆ ತಡಮಾಡಿದೆ.

ಸೌಮುವಿಗೆ ಸಾವಿರ ಮುತ್ತು. ಹಳದಿ ಅಂಗಿ ಸರಿಹೊಂದಿತಾ?

ನಿನ್ನ ತಂಗಿ,
ತಿಮೆ


ಕಿಂಜಾನಿ
೧೮ ಏಪ್ರಿಲ್ ೧೯೯೨

ತಿಮೆ,

ಸೌಮು ತೀರಿಕೊಂಡಳು. ಏಪ್ರಿಲ್ ಹನ್ನೆರಡು, ಭಾನುವಾರ. ನಿನಗೆ ಹೇಳಿಕಳಿಸಿದೆವು, ಮಳೆಗೆ ದೋಣಿ ಹೊರಟಿರಲಿಲ್ಲ. ನೀನು ಹದಿಮೂರನೇ ತಾರೀಕು ಬರೆದ ಕಾಗದ ನಿನ್ನೆ ನನ್ನ ಕೈಗೆ ಬಂತು.

ಶನಿವಾರ ಬೆಳಿಗ್ಗೆ ಗಂಜಿ ಕುಡಿದು ಅಂಗಳದಲ್ಲಿ ಆಡುತ್ತಿದ್ದಳು. ಹತ್ತು ಗಂಟೆಗೆ ಶುರುವಾಯಿತು. ಮಧ್ಯಾಹ್ನದೊಳಗೆ ಎಂಟು ಸಲ. ನಿನ್ನ ಭಾವ ಮೀನು ಹಿಡಿಯಲು ಹೋಗಿ ವಾರವಾಗಿತ್ತು, ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆ ಎಂದರು, "ಬಾಯಿಗೆ ಏನೂ ಹಾಕ್ಬೇಡ. ಒಣಗಲಿ, ನಿಲ್ಲುತ್ತೆ." ನಾನು ಹೂಂ ಎಂದೆ. ನಮ್ಮಮ್ಮನೂ ನಮಗೆ ಹಾಗೇ ಮಾಡುತ್ತಿದ್ದಳು. ನಾವು ಬದುಕಿದೆವು.

ಅವಳು ನೀರು ಕೇಳಿದಳು. "ಅಮ್ಮಾ, ನೀರು. ಒಂಚೂರು." ಕೊಡಲಿಲ್ಲ. ನೀರಿನ ಕೊಡದ ಹತ್ತಿರ ತೆವಳಿಕೊಂಡು ಹೋದಳು. ಕೊಡವನ್ನು ಎತ್ತಿ ಹೊರಗಿಟ್ಟೆ. ಮಳೆ ಸುರಿಯುತ್ತಿತ್ತು. ಸೂರಿನ ನೀರಿಗೆ ಕೈ ಚಾಚಿದಳು. ಬಾಗಿಲು ಹಾಕಿದೆ. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡೇ ಮಾಡಿದೆ, ತಿಮೆ. "ಇವತ್ತೊಂದಿನ ತಡ್ಕೋ ಕಂದಾ, ನಾಳೆ ಎಳನೀರು ಕೊಡ್ತೀನಿ" ಎಂದೆ.

ಭಾನುವಾರ ಬೆಳಿಗ್ಗೆ ದಾರಿಯ ಹಳ್ಳದ ನೀರು ಇಳಿದ ಮೇಲೆ ರಸ್ತೆಗೆ ಹೊತ್ತು ತಂದೆ. ಮರಗೆಣಸಿನ ಲಾರಿಯವನು ಪಟ್ಟಣಕ್ಕೆ ಕರೆದುಕೊಂಡು ಹೋದ. ಆಸ್ಪತ್ರೆಯಲ್ಲಿ ನರ್ಸು ಕೇಳಿದಳು, "ಎಷ್ಟು ನೀರು ಕೊಟ್ಟಿದ್ದೀರಿ?" "ಒಂದು ಹನೀನೂ ಕೊಟ್ಟಿಲ್ಲ ಸಿಸ್ಟರ್" ಎಂದೆ. ಹೆಮ್ಮೆಯಿಂದ ಹೇಳಿದೆ. ಅವಳ ಮುಖ ನೋಡಿದೆ. ಆಗ ಗೊತ್ತಾಯಿತು.

ಸೂಜಿ ಚುಚ್ಚಲು ನರ ಹುಡುಕುತ್ತಿರುವಾಗಲೇ ಹೋದಳು. ಸಂಜೆಯೊಳಗೆ ಮಣ್ಣು ಮಾಡಿದರು. ಹೆಂಗಸರು ಹೋಗುವಂತಿಲ್ಲ. ಬಾಗಿಲಲ್ಲಿ ನಿಂತು, ಗಂಡಸರು ಆ ಪುಟ್ಟ ಗಂಟನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಹೋಗುವುದನ್ನು ನೋಡಿದೆ.

ನೀನು ನ್ಯಾಲೆಯವರಿಗೆಲ್ಲ ಹೇಳಿದೆ. ಮೂವತ್ತೆಂಟು ಜನ ಎದ್ದರು. ಮಾರ್ಚ್ ಇಪ್ಪತ್ತಾರಕ್ಕೆ ನನಗೆ ಕಾಗದ ಬರೆಯುವಾಗಲೂ ನಿನಗೆ ಎಲ್ಲ ಗೊತ್ತಿತ್ತು. ಮುದುಕಿಯ ಹಲ್ಲಿನ ವಿಷಯ ಬರೆದೆ. ಆ ಒಂದು ಸಾಲು ಬರೆಯಲಿಲ್ಲ.

ಬರಬೇಡ. ಬರೆಯಬೇಡ.

ರಿಜಿಕಿ


ನ್ಯಾಲೆ
೨೭ ಏಪ್ರಿಲ್ ೧೯೯೨

ಅಕ್ಕ,

ಬರಬೇಡ ಎಂದಿದ್ದೆ, ಬಂದೆ. ಬರೆಯಬೇಡ ಎಂದಿದ್ದೆ, ಬರೆಯುತ್ತಿದ್ದೇನೆ. ನಿನ್ನ ಮಾತು ಮೀರುವುದೇ ನನಗೆ ಅಭ್ಯಾಸವಾಗಿ ಹೋಗಿದೆ.

ಶುಕ್ರವಾರ ಬೆಳಿಗ್ಗೆಯಿಂದ ಇಳಿಹೊತ್ತಿನ ನಮಾಜಿನವರೆಗೆ ನಿನ್ನ ಜಗಲಿಯ ಮೇಲೆ ಕೂತಿದ್ದೆ. ನೀನು ಒಳಗಿದ್ದೆ. ಬಾಗಿಲ ಸಂದಿಯಲ್ಲಿ ನಿನ್ನ ಬಟ್ಟೆಯ ಅಂಚು ಕಾಣುತ್ತಿತ್ತು. ಉಸಿರಾಡುವುದು ಕೇಳುತ್ತಿತ್ತು. "ಅಕ್ಕಾ" ಎಂದು ಎಷ್ಟು ಸಲ ಕರೆದೆ ಎಂದು ನಿನಗೇ ಗೊತ್ತು.

ನಿನ್ನ ಅತ್ತೆ ಚಹಾ ತಂದರು. ಕೆಳಗಿಟ್ಟು ನನ್ನ ಪಕ್ಕ ಕೂತರು.

"ಅವಳನ್ನ ಬೈಯಬೇಡ ಮಗಾ. ನಾನೇ ಬೇಡ ಅಂದಿದ್ದು. ಕೊಡ ಹೊರಗಿಡು ಅಂದಿದ್ದೂ ನಾನೇ."

"ನಿಮಗೆ ಗೊತ್ತಿರಲಿಲ್ಲ ಅಮ್ಮಾ."

"ನಿನಗೆ ಗೊತ್ತಿತ್ತಲ್ಲ" ಎಂದರು. ಚುಚ್ಚಲು ಹೇಳಿದ್ದಲ್ಲ. ಸುಮ್ಮನೆ ಹೇಳಿದರು, ಅಷ್ಟೆ.

ಹೌದು, ಗೊತ್ತಿತ್ತು. ನನ್ನ ಪರವಾಗಿ ಹೇಳಿಕೊಳ್ಳಲು ಒಂದು ಮಾತಿದೆ. ಅದನ್ನು ಬರೆಯುವುದಿಲ್ಲ. ಎಂದಿಗೂ ಬರೆಯುವುದಿಲ್ಲ. ನೀನು ಬೇಡವೆಂದರೂ ಬರೆಯಬೇಕಾದ್ದು ಯಾವುದು ಎಂದು ತಿಳಿಯದವಳು ಎಂಥ ಆರೋಗ್ಯ ಸೇವಕಿ?

ದಂಡೆಯಲ್ಲಿ ಭಾವ ಸಿಕ್ಕಿದ್ದರು. ಬಲೆ ಹೆಗಲ ಮೇಲಿತ್ತು, ಎಲ್ಲಿ ಇಳಿಸಬೇಕೆಂದು ತಿಳಿಯದವರಂತೆ ನಿಂತೇ ಇದ್ದರು. "ಸ್ವಲ್ಪ ದಿನ ಬಿಡು ತಿಮೆ" ಎಂದರು. ಕಿವಿ ಮುಟ್ಟಿಕೊಂಡರು.

ತಿಮೆ


ನ್ಯಾಲೆ
೨ ಜೂನ್ ೧೯೯೨

ಅಕ್ಕ,

ದ್ವೀಪದಲ್ಲಿ ರೋಗ ನಿಂತು ಮೂರು ವಾರವಾಯಿತು. ಮೊನ್ನೆ ಊರವರು ಮೇಕೆ ಕಡಿದು ನನಗೆ ಊಟ ಹಾಕಿಸಿದರು. ಮುಖಂಡರು ಎದ್ದು ನಿಂತು, "ಈ ಮಗಳು ನಮ್ಮ ಮಕ್ಕಳನ್ನ ಉಳಿಸಿದಳು" ಎಂದರು. ಮ್ಬಾರೂಕುವಿನ ತಾಯಿ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಅದಕ್ಕೆ ಈಗ ಮೈ ತುಂಬಿದೆ, ಕೈಬೆರಳು ಕಚ್ಚುತ್ತದೆ. ನಾನು ಅದನ್ನು ಎತ್ತಿ ಅವಳ ಕೈಗೆ ಕೊಟ್ಟು ಎದ್ದು ಹೋದೆ. ಅವಳಿಗೆ ಏನೂ ಅರ್ಥವಾಗಲಿಲ್ಲ. ಚುಮು ಅಜ್ಜಿ ಹಿಂದೆಯೇ ಬಂದಳು, ಬೆನ್ನು ಸವರುತ್ತ ನಿಂತಳು.

ಬಿಟ್ಟು ಹೋಗುತ್ತೇನೆ ಎಂದು ರುಕಿಯಾಗೆ ಹೇಳಿದೆ. "ಹೋಗೋದಾದ್ರೆ ಹೋಗು, ಹಿಡಿದಿಡೋಕೆ ನಾನು ನಿನಗೆ ಸಂಬಳ ಕೊಡ್ತಿಲ್ಲ" ಎಂದರು. ಆಮೇಲೆ, "ಎಲ್ಲಿಗೆ ಹೋಗ್ತೀಯ?" ಎಂದರು.

ನನಗೆ ಇದ್ದದ್ದು ಒಂದೇ ಮನೆ.

ತಿಮೆ


ನ್ಯಾಲೆ
೯ ಆಗಸ್ಟ್ ೧೯೯೨

ಅಕ್ಕ,

ನೀನು ಕಾಗದಗಳನ್ನು ಓದುತ್ತೀಯೋ ಒಲೆಗೆ ಹಾಕುತ್ತೀಯೋ ಗೊತ್ತಿಲ್ಲ. ಖಾತಿಬುವನ್ನು ಕೇಳಿದೆ. "ಕೈಯಿಂದ ತಗೊಳ್ತಾರೆ. ಏನೂ ಅನ್ನಲ್ಲ" ಎಂದ. ತೆಗೆದುಕೊಳ್ಳುತ್ತೀ ಎಂಬುದೇ ನನಗೆ ಸಾಕು.

ಮನೆಮನೆಗೆ ಹೋಗಿ ಸಕ್ಕರೆ ಉಪ್ಪಿನ ನೀರಿನ ವಿಷಯ ಹೇಳುತ್ತೇನೆ. ಮೊದಲು ನಗಿಸುತ್ತ ಹೇಳುತ್ತಿದ್ದೆ. ಈಗ ಹೆಂಗಸರು ನನ್ನ ಮುಖ ನೋಡಿ ತಾವೇ ಸುಮ್ಮನಾಗುತ್ತಾರೆ.

ಇಷ್ಟೇ.

ತಿಮೆ


ಕಿಂಜಾನಿ
೩೦ ಅಕ್ಟೋಬರ್ ೧೯೯೨

ತಿಮೆ,

ಕಾಗದಗಳು ಬಂದಿವೆ. ಓದಿದ್ದೇನೆ.

ಮಳೆ ಮತ್ತೆ ಶುರುವಾಗಿದೆ, ರೋಗವೂ ಮತ್ತೆ ಬಂದಿದೆ. ಹೋದ ಸೋಮವಾರ ಅತ್ತೆ ಮಲಗಿದರು. ಬೆಳಿಗ್ಗೆ ಎದ್ದವರು ಬಾಗಿಲು ದಾಟುವಷ್ಟರಲ್ಲಿ ಕುಸಿದರು. ಮಧ್ಯಾಹ್ನಕ್ಕೆ ಕಣ್ಣು ಒಳಗೆ ಹೋಗಿತ್ತು. ನಿನ್ನ ಭಾವ ರಸ್ತೆಗೆ ಓಡಿದರು, ಲಾರಿ ಹುಡುಕಲು. ಮನೆಯಲ್ಲಿ ಮತ್ತೆ ನಾವಿಬ್ಬರೇ.

ನಿನ್ನ ಏಪ್ರಿಲ್ ಕಾಗದ ತೆಗೆದೆ. ಒಲೆಗೆ ಹಾಕಿರಲಿಲ್ಲ. ಅದರಲ್ಲಿ ಬರೆದಂತೆ ನೀರು ಕುದಿಸಿ ಆರಿಸಿ, ಆರು ಚಮಚ, ಅರ್ಧ ಚಮಚ, ಸಮ ಮಾಡಿ ಕಲೆಸಿದೆ. ಲೋಟ ಹಿಡಿದು ಪಕ್ಕ ಕೂತೆ. ಅತ್ತೆ ಮುಖ ತಿರುಗಿಸಿದರು.

"ನಂಗೆ ಬೇಡ. ಮಗೂಗೆ ಕೊಡಲಿಲ್ಲ, ನಂಗ್ಯಾಕೆ."

ನಾನು ಲೋಟ ಹಿಡಿದು ಹಾಗೇ ಕೂತೆ. ಎಷ್ಟು ಹೊತ್ತು ಎಂದು ಕೇಳಬೇಡ. ಒತ್ತಾಯ ಮಾಡಬೇಕಿಲ್ಲ, ಅವರೇ ಬೇಡವೆನ್ನುತ್ತಿದ್ದಾರೆ, ಯಾರೂ ನನ್ನನ್ನು ಏನೂ ಅನ್ನುವುದಿಲ್ಲ. ಈ ಯೋಚನೆ ನನ್ನ ತಲೆಯಲ್ಲಿ ಬಂತು. ಬಂದು ಕೂತಿತು. ಇದನ್ನು ನಿನ್ನ ಭಾವನಿಗೂ ಹೇಳಿಲ್ಲ, ನಮಾಜಿನಲ್ಲೂ ಬಾಯಿ ಬಿಟ್ಟು ಹೇಳಿಲ್ಲ. ನಿನಗೆ ಬರೆಯುತ್ತಿದ್ದೇನೆ.

ಆಮೇಲೆ ಅತ್ತೆ ತುಟಿ ನೆಕ್ಕಿಕೊಂಡರು. ಒಣಗಿದ ನಾಲಿಗೆ ಒಣಗಿದ ತುಟಿಯ ಮೇಲೆ ಸರಿಯುವ ಸದ್ದು. ಆ ಸದ್ದು ನಾನು ಕೇಳಿದ್ದೆ, ತಿಮೆ. ಇಡೀ ಒಂದು ಮಧ್ಯಾಹ್ನ ಕೇಳಿದ್ದೆ.

ಅವರ ತಲೆ ತೊಡೆಯ ಮೇಲೆ ಇಟ್ಟುಕೊಂಡು ಗಲ್ಲ ಹಿಡಿದೆ. "ಬಾಯಿ ತೆಗೀರಿ. ಬೇಡ ಅನ್ನೋಕೆ ಈ ಮನೇಲಿ ಇನ್ಯಾರಿಗೂ ಹಕ್ಕಿಲ್ಲ" ಎಂದು ಕಿರುಚಿದೆ. ಉಗುಳಿದರು, ಮತ್ತೆ ಕೊಟ್ಟೆ. ನನ್ನ ಕೈ ಪರಚಿದರು, ಮತ್ತೆ ಕೊಟ್ಟೆ. ಲಾರಿ ಬರುವಷ್ಟರಲ್ಲಿ ಎರಡು ಲೋಟ ಒಳಗೆ ಹೋಗಿತ್ತು. ಲಾರಿಯ ಹಿಂದೆ ಕೂತು ದಾರಿಯುದ್ದಕ್ಕೂ ಕೊಟ್ಟೆ. ಅದೇ ಆಸ್ಪತ್ರೆ, ಅದೇ ನರ್ಸು. "ಎಷ್ಟು ಕೊಟ್ಟಿದ್ದೀರಿ?" ಎಂದಳು. ನನ್ನ ಗುರುತು ಹತ್ತಿತು ಅವಳಿಗೆ. ನನ್ನ ಭುಜ ಮುಟ್ಟಿದಳು.

ಅತ್ತೆ ಬದುಕಿದ್ದಾರೆ. ಮನೆಗೆ ಬಂದಿದ್ದಾರೆ. ನಿನ್ನೆ ಹಿತ್ತಿಲಿಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡೆ. ಇಷ್ಟು ಸುಲಭವಾಗಿತ್ತಲ್ಲ. ಒಂದು ಲೀಟರು ನೀರು, ಒಂದು ಹಿಡಿ ಸಕ್ಕರೆ. ಮನೆಯಲ್ಲೇ ಇತ್ತು.

ಈಗ ಸುತ್ತಲಿನ ಮನೆಯವರು ನನ್ನನ್ನು ಕರೆಯುತ್ತಾರೆ. ಹೋಗಿ ಕಲೆಸಿ ಕೊಟ್ಟು ಬರುತ್ತೇನೆ. ಮಕ್ಕಳಿರುವ ಮನೆಯಲ್ಲಿ ನಿಲ್ಲುವುದಿಲ್ಲ.

ನೀನು ಬರೆಯುವುದಿಲ್ಲ ಎಂದ ಆ ಒಂದು ಮಾತು ಯಾವುದೆಂದು ನನಗೆ ಗೊತ್ತು. ಮಾರ್ಚ್ ನಾಲ್ಕನೇ ತಾರೀಕು ನಾನೇ ಬರೆದದ್ದು. ಏಪ್ರಿಲ್ ಹದಿನೆಂಟರಂದು ನಿನಗೆ ಆ ಕಾಗದ ಬರೆಯುವಾಗಲೂ ಅದು ಗೊತ್ತಿತ್ತು. ಗೊತ್ತಿದ್ದರಿಂದಲೇ ಹಾಗೆ ಬರೆದೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ನನ್ನನ್ನೂ ಕ್ಷಮಿಸಿಕೊಂಡಿಲ್ಲ. ನಿನ್ನ ಮುಖದಲ್ಲಿ ಅವಳ ಹುಬ್ಬಿದೆ, ಅವಳ ಗಲ್ಲವಿದೆ. ಈಗಲೇ ನೋಡಲಾರೆ. ಸದ್ಯ ಬರಬೇಡ.

ರಿಜಿಕಿ


ನ್ಯಾಲೆ
೨೦ ಡಿಸೆಂಬರ್ ೧೯೯೨

ಅಕ್ಕ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಬರೆಯುವುದಿಲ್ಲ. ಲೋಟ ಹಿಡಿದು ಕೂತ ಆ ಹೊತ್ತಿನ ಬಗ್ಗೆ ಒಂದೇ ಮಾತು: ಕೊನೆಗೆ ನೀನು ಕೊಟ್ಟೆ.

ಮೊನ್ನೆ ಬುಧವಾರ ರುಕಿಯಾ ಜೊತೆ ಲಸಿಕೆ ತರಲು ಪಟ್ಟಣಕ್ಕೆ ಬಂದಿದ್ದೆ. ಮೂರು ಗಂಟೆ ಬಿಡುವಿತ್ತು. ಕಿಂಜಾನಿಗೆ ಬಂದೆ. ಮನೆಗೆ ಬರಲಿಲ್ಲ, ನೀನು ಬೇಡವೆಂದಿದ್ದೆಯಲ್ಲ. ಸೌಮು ಮಲಗಿರುವ ಜಾಗದ ಗುರುತನ್ನು ಭಾವ ಮೊದಲೇ ಹೇಳಿದ್ದರು. ರಸ್ತೆಯಿಂದ ಇಳಿದು, ಲವಂಗದ ಮರಗಳ ಮೂರನೇ ಸಾಲಿನ ಕೊನೆಗೆ.

ಇಷ್ಟು ಚಿಕ್ಕದಿರುತ್ತದೆ ಎಂದು ತಿಳಿದಿರಲಿಲ್ಲ. ನನ್ನ ಮೂರು ಮೊಳವೂ ಇಲ್ಲ. ತಲೆಯ ಬಳಿ ಕಾಮಕಸ್ತೂರಿ ಗಿಡ ನೆಟ್ಟಿದ್ದಾರೆ, ನೀನೇ ಇರಬೇಕು. ಪಕ್ಕದಲ್ಲಿ ಕೂತೆ. ದುವಾ ಮಾಡಲು ಕೈ ಎತ್ತಿದೆ, ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ಅವಳ ಜೊತೆ ಮಾತಾಡಿದೆ. ಚುಮು ಅಜ್ಜಿಯ ವಿಷಯ, ಖಾತಿಬುವಿನ ದೋಣಿಗೆ ಹೊಸ ಹಾಯಿ ಬಂದ ವಿಷಯ. ಬೇರೆ ಏನು ಹೇಳಲಿ ಮೂರು ವರ್ಷದ ಮಗುವಿಗೆ?

ಹೊತ್ತಾಯಿತೆಂದು ಎದ್ದು ಬಂದೆ. ಯಾರೂ ನೋಡಲಿಲ್ಲ. ನಿನ್ನ ಮಾತು ಅಷ್ಟು ನಡೆಸಿದ್ದೇನೆ.

ತಿಮೆ


ಕಿಂಜಾನಿ
೨ ಜನವರಿ ೧೯೯೩

ತಿಮೆ,

ನಾನು ನೋಡಿದೆ.

ಈ ಸಲ ಲವಂಗ ಚೆನ್ನಾಗಿ ಬಂದಿದೆ. ಕೊಯ್ಲಿಗೆ ಕೈ ಸಾಲದೆ ಹೆಂಗಸರೂ ಕೆಳಗಿನ ಕೊಂಬೆಗಳಿಗೆ ಹತ್ತುತ್ತಿದ್ದೇವೆ. ಆ ಬುಧವಾರ ನಾನು ನಾಲ್ಕನೇ ಸಾಲಿನ ಮರದ ಮೇಲಿದ್ದೆ, ಬುಟ್ಟಿ ಕೊಂಬೆಗೆ ಸಿಕ್ಕಿಸಿಕೊಂಡು. ಯಾರೋ ಹೆಂಗಸು ರಸ್ತೆಯಿಂದ ಇಳಿದು ಬರುವುದು ಕಂಡಿತು. ನಡಿಗೆಯಲ್ಲೇ ಗುರುತು ಹಿಡಿದೆ. ಆ ನಡಿಗೆ ಕಲಿಸಿದವಳೇ ನಾನಲ್ಲವೇ? ಬಡಕಲಾಗಿದ್ದೀಯ.

ನೀನು ಕೂತದ್ದು, ಕೈ ಎತ್ತಿ ಮತ್ತೆ ಇಳಿಸಿದ್ದು ನೋಡಿದೆ. ಅವಳೊಡನೆ ಮಾತಾಡುವುದು ಕಂಡಿತು, ಏನೆಂದು ಕೇಳಿಸಲಿಲ್ಲ. ಒಂದು ಸಲ ನೀನು ನಕ್ಕ ಹಾಗಿತ್ತು. ಅದು ಹಾಯಿಯ ವಿಷಯವೋ ಅಜ್ಜಿಯ ವಿಷಯವೋ ಎಂದು ಈಗ ಯೋಚಿಸುತ್ತಿದ್ದೇನೆ. ಅವಳು ಹೋದ ಮೇಲೆ ಅವಳ ಬಳಿ ಯಾರೂ ನಕ್ಕಿರಲಿಲ್ಲ. ನಾವೆಲ್ಲ ಹೋಗಿ ಅತ್ತು ಬರುತ್ತೇವೆ ಅಷ್ಟೆ.

ಕರೆಯಬೇಕೆಂದು ಬಾಯಿ ತೆರೆದೆ. ಕರೆಯಲಿಲ್ಲ. ಕೊಂಬೆ ಹಿಡಿದು ಅಲ್ಲೇ ಕೂತೆ. ನೀನು ಎದ್ದು, ಬಟ್ಟೆಗೆ ಹತ್ತಿದ ಮಣ್ಣು ಕೊಡವಿಕೊಂಡು, ರಸ್ತೆ ಹತ್ತಿ, ತಿರುವಿನಲ್ಲಿ ಮರೆಯಾದೆ. ಆಗ ಇಳಿದೆ. ನೀನು ಕೂತಿದ್ದ ಜಾಗದಲ್ಲಿ ಹುಲ್ಲು ಇನ್ನೂ ಮಲಗಿತ್ತು. ಅದರ ಮೇಲೆ ಕೂತೆ. ಕತ್ತಲಾಗುವ ಮುಂಚೆ ಅತ್ತೆ ಬಂದು ಕೈ ಹಿಡಿದು ಎಬ್ಬಿಸಿಕೊಂಡು ಹೋದರು.

ಮುಂದಿನ ಸಲ ಲಸಿಕೆಗೆ ಬಂದಾಗ ಮನೆಗೆ ಬಾ. ಮಾತಾಡುತ್ತೇನೆ ಎಂದು ಹೇಳಲಾರೆ. ಅಳದೆ ಇರುತ್ತೇನೆ ಎಂದೂ ಹೇಳಲಾರೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೂ ಹಾಕಿಕೊಳ್ಳಬಹುದು. ನೀನು ಮಾತ್ರ ಎದ್ದು ಹೋಗಬೇಡ. ಅನ್ನ, ಮೀನು ಮಾಡಿಟ್ಟಿರುತ್ತೇನೆ. ಬಡಿಸಿಕೊಂಡು ಉಣ್ಣು. ನೀನು ಉಣ್ಣುವ ಸದ್ದು ನಾನು ಒಳಗಿಂದ ಕೇಳಿಸಿಕೊಳ್ಳುತ್ತೇನೆ.

ನಿನ್ನ ಅಕ್ಕ,
ರಿಜಿಕಿ